"ನಾನೆಂತ ಮಾಡ್ತೇನೆ, ಸುಮ್ನೆ ನೋಡಿಕೊಳ್ಳೋದು": ಗೇರುಬೀಜದ ಕಾರ್ಖಾನೆಯ ಒಂದು ಪ್ರಕರಣ

ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆ. ಧನಿಗಳಿಗೆ ಪ್ರೊಡಕ್ಷನ್ ಮ್ಯಾನೇಜರ್ ಬೇಕಿತ್ತು. ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಎಂಬಿಎ ಆಗಿರಬೇಕು, ಅನುಭವ ಇರಬೇಕು, ಇಂಗ್ಲಿಷ್ ಹಿಂದಿ ಎರಡೂ ಬರಬೇಕು. ಅರ್ಜಿಗಳು ಬಂದವು. ಅದೇ ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಇರುವ, ಗ್ರೇಡಿಂಗ್ ವಿಭಾಗ ನೋಡಿಕೊಳ್ಳುವ ಒಬ್ಬರು ಅರ್ಜಿ ಹಾಕಲಿಲ್ಲ. ಇವರಿಗೆ ಯಾಕೆ ಕೊಡಬಾರದು ಅಂತ ಧನಿಗಳಿಗೆ ಹೊಳೆಯಲಿಲ್ಲ. ನಾನು ಯಾಕೆ ಕೇಳಬಾರದು ಅಂತ ಅವರಿಗೂ ಹೊಳೆಯಲಿಲ್ಲ. ಧನಿಗಳಿಗೆ ಹೊಳೆಯದೇ ಇದ್ದದ್ದರಲ್ಲಿ ಹೊಸತೇನಿಲ್ಲ, ಎಲ್ಲ ಕಡೆ ಇದ್ದದ್ದೇ. ಅವರಿಗೇ ಹೊಳೆಯಲಿಲ್ಲ ಅನ್ನುವುದು ನನಗೆ ವಿಚಿತ್ರ ಅನಿಸಿತು.

ಉಡುಪಿಯಲ್ಲಿದ್ದುಕೊಂಡು ಸಣ್ಣ ಕಾರ್ಖಾನೆಗಳಿಗೆ ನೇಮಕಾತಿ, ಸಂಬಳ, ಪಿಎಫ್ ಇಂಥದ್ದೆಲ್ಲ ನೋಡಿಕೊಡುವುದು ನನ್ನ ಕೆಲಸ. ಇಲ್ಲಿಗೆ ನನ್ನನ್ನು ಕರೆದದ್ದು ಸಂದರ್ಶನಕ್ಕೆ ಕೂರಲಿಕ್ಕೆ. ಆ ಗ್ರೇಡಿಂಗಿನವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ, ಅವರಿಗಿಂತ ಪ್ರಾಯದಲ್ಲಿ ದೊಡ್ಡವರು ಸಹ. ಇಲ್ಲೂ ಅಕ್ಕ ಅಂತಲೇ ಇರಲಿ. ಮಾತುಕತೆ ಎಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಸಂದರ್ಶನಕ್ಕೆ ಬಂದ ಒಬ್ಬ ಹುಡುಗ ಚುರುಕಾಗಿದ್ದ. ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ ಉಂಟಾ" ಅಂತ ಕೇಳಿದ್ದಕ್ಕೆ ಅವನು ಹೇಳಿದ: "ಈಗ ಪ್ರೊಡಕ್ಷನ್ ಯಾರು ನಡೆಸ್ತಿದ್ದಾರೆ ಸರ್?" ಧನಿಗಳು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಯಾರೂ ಇಲ್ಲ, ಅದು ಹಾಗೇ ನಡೀತದೆ" ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಮಗ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸ್ವಲ್ಪ ಸಮಯ ಇದ್ದು ಈಗ ಊರಿಗೆ ಬಂದವನು, ಆ ಮಾತಿಗೆ ಸ್ವಲ್ಪ ಕಸಿವಿಸಿಯಾದ ಹಾಗೆ ಕಂಡಿತು. ಹೊರಗೆ ಬಂದ ಮೇಲೆ ಅವನೇ ನನಗೆ ಹೇಳಿದ್ದು, "ಮೇಡಂ, ಹಾಗೇ ಏನೂ ನಡೆಯುವುದಿಲ್ಲ. ಜೂನ್‌ನಲ್ಲಿ ಅಕ್ಕ ರಜೆ ಹಾಕಿದಾಗ ನೀವು ನೋಡಬೇಕಿತ್ತು."

ಜೂನ್‌ನಲ್ಲಿ ಏನಾಯ್ತು ಅನ್ನುವುದು ಅರ್ಥ ಆಗಬೇಕಾದರೆ ಬೀಜದ ಕೆಲಸ ಸ್ವಲ್ಪ ಗೊತ್ತಿರಬೇಕು. ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಮಂಗಳೂರು ಹತ್ತಿರದ ಪಣಂಬೂರಿನ ಬಂದರಿಗೆ ಬರುತ್ತದೆ, ಬೇಸಿಗೆಯಲ್ಲಿ ಊರಿನ ಬೀಜವೂ ಸಿಗುತ್ತದೆ. ಅಂಗಳದಲ್ಲಿ ಒಣಗಿಸಿ, ಹಬೆಯಲ್ಲಿ ಬೇಯಿಸಿ, ಕಟಿಂಗ್ ಮಾಡಿ ತಿರುಳು ತೆಗೆಯುತ್ತಾರೆ. ಆ ತಿರುಳು ಬೋರ್ಮಾಕ್ಕೆ ಹೋಗುತ್ತದೆ. ಬೋರ್ಮಾ ಅಂದರೆ ಬಿಸಿಗಾಳಿಯ ಕೋಣೆ, ಒಳಗೆ ಟ್ರೇಗಳ ಸಾಲು. ಅಲ್ಲಿ ಗಂಟೆಗಟ್ಟಲೆ ಒಣಗಿದ ಮೇಲೆ ಬೀಜದ ಮೇಲಿನ ಕೆಂಪು ಸಿಪ್ಪೆ ಸಡಿಲ ಆಗುತ್ತದೆ. ಆದರೆ ಬೀಜ ಗರಿಗರಿಯಾಗಿರುತ್ತದೆ, ಹಾಗೇ ಸಿಪ್ಪೆ ತೆಗೆಯಲು ಹೋದರೆ ಒಡೆಯುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ತೇವದ ಗಾಳಿಗೆ ಇಟ್ಟು ಮೆದು ಮಾಡಿಕೊಳ್ಳಬೇಕು. ತೇವ ಜಾಸ್ತಿ ಆಯಿತೋ, ಸಿಪ್ಪೆ ಮತ್ತೆ ಅಂಟಿಕೊಳ್ಳುತ್ತದೆ. ಕಡಿಮೆ ಆಯಿತೋ, ಬೀಜ ಎರಡು ಹೋಳು. ಆಮೇಲೆ ಪೀಲಿಂಗ್, ಆಮೇಲೆ ಗ್ರೇಡಿಂಗ್, ಕೊನೆಗೆ 11.34 ಕಿಲೋದ ಡಬ್ಬಿಯಲ್ಲಿ ಪ್ಯಾಕಿಂಗ್. ಈ 11.34 ಎಂಥ ಲೆಕ್ಕ ಅಂದರೆ 25 ಪೌಂಡ್. ಬೀಜದ ವ್ಯಾಪಾರ ಇವತ್ತಿಗೂ ಪೌಂಡಿನಲ್ಲೇ ಮಾತಾಡುತ್ತದೆ. ಡಬ್ಲ್ಯು 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ. ಡಬ್ಲ್ಯು 240 ಅಂದರೆ 220ರಿಂದ 240. ಸಂಖ್ಯೆ ಕಡಿಮೆ ಆದಷ್ಟು ಬೀಜ ದೊಡ್ಡದು, ರೇಟು ಜಾಸ್ತಿ.

ಅಕ್ಕ ಮಗಳ ಬಾಣಂತನಕ್ಕೆ ಅಂತ ರಜೆ ಹಾಕಿದ್ದರು. ಅದೇ ವಾರ ಮಳೆ ಹಿಡಿಯಿತು. ಕರಾವಳಿಯ ಮೊದಲ ಮಳೆ ಗೊತ್ತಲ್ಲ, ಗೋಡೆ, ಬಟ್ಟೆ, ಉಪ್ಪು ಎಲ್ಲ ಒಟ್ಟಿಗೆ ಒದ್ದೆಯಾಗುತ್ತದೆ. ಬೋರ್ಮಾದ ಹುಡುಗ ಚೀಟಿಯಲ್ಲಿ ಬರೆದಿದ್ದ ಹೊತ್ತಿಗೆ ಸರಿಯಾಗಿ ಟ್ರೇ ತೆಗೆದ, ಬೇಸಿಗೆಯಲ್ಲಿ ಎಷ್ಟು ಹೊತ್ತು ತೇವ ಕೊಡುತ್ತಿದ್ದರೋ ಅಷ್ಟೇ ಕೊಟ್ಟ. ಸಿಪ್ಪೆ ಬಿಡಲಿಲ್ಲ. ಪೀಲಿಂಗಿನ ಹೆಂಗಸರು ಚೂರಿಯಲ್ಲಿ ಕೆರೆದರು, ಬೀಜದ ಮೇಲೆಲ್ಲ ಗೀರು ಬಿತ್ತು. ಗೀರು ಬಿದ್ದ ಬೀಜ ಒಳ್ಳೆ ಗ್ರೇಡಿಗೆ ಹೋಗುವುದಿಲ್ಲ. ಅದೇ ಸಮಯಕ್ಕೆ ಒಡಿಶಾದ ಹುಡುಗಿಯರಿಗೂ ಊರಿನವರಿಗೂ ಕಿಟಕಿ ಹತ್ತಿರದ ಜಾಗಕ್ಕೆ ಜಗಳ ಆಗಿ ನಾಲ್ಕೈದು ಮಂದಿ ಕೆಲಸಕ್ಕೇ ಬರಲಿಲ್ಲ. ಮುಂಬೈಯ ವ್ಯಾಪಾರಿಯೊಬ್ಬರು ಫೋನ್ ಮಾಡಿ 240ರ ಡಬ್ಬಿಯಲ್ಲಿ 320 ಸೇರಿದೆ ಅಂತ ಕೂಗಾಡಿದರು. ಕೊನೆಗೆ ಮಗ ಅಕ್ಕನಿಗೆ ಫೋನ್ ಮಾಡಿದ. ಮೊಮ್ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಅವರು ಹೇಳಿದ್ದು ಇಷ್ಟು: "ತೇವದ ಕೋಣೆ ಬಂದ್ ಮಾಡಿ, ಹೊರಗೆ ಮಳೆ ಉಂಟಲ್ಲ, ಅದೇ ಸಾಕು. ಬೋರ್ಮಾದಲ್ಲಿ ಕೆಳಗಿನ ಟ್ರೇ ಮೇಲೆ ಹಾಕಿ, ಮೇಲಿನದ್ದು ಕೆಳಗೆ. ಆ ಹುಡುಗಿಗೆ ಫೋನ್ ಕೊಡಿ, ನಾನು ಮಾತಾಡ್ತೇನೆ." ಮರುದಿನ ಕೆಲಸ ಸರಿಹೋಯಿತು.

ಸರಿಹೋದ ಮೇಲೆ ಧನಿಗಳು ಅದನ್ನು ಮರೆತರು. ಅಕ್ಕನೂ ಮರೆತರು. ನಾನು ಮೊದಲ ಸಲ ಅವರ ಹತ್ತಿರ ಮಾತಾಡಿದಾಗ "ಅಕ್ಕ, ಇಲ್ಲಿ ನಿಮ್ಮ ಕೆಲಸ ಎಂತ" ಅಂತ ಕೇಳಿದೆ. "ನಾನೆಂತ ಮಾಡ್ತೇನೆ ಮೇಡಂ, ಸುಮ್ನೆ ನೋಡಿಕೊಳ್ಳೋದು ಅಷ್ಟೆ" ಅಂದರು. ಇದನ್ನು ವಿನಯ ಅಂತ ಮೆಚ್ಚಿಕೊಂಡು ಸುಮ್ಮನಾಗುವವರು ಬಹಳ ಮಂದಿ. ನನಗೆ ಇದು ವಿನಯ ಅನಿಸಲಿಲ್ಲ. ಅವರು ನಿಜವಾಗಿ ಹಾಗೇ ನಂಬಿದ್ದರು. ಕೈಯಲ್ಲಿ ಬೀಜ ಹಿಡಿದು ಮಾಡಿದ್ದು ಮಾತ್ರ ಕೆಲಸ, ನಿಂತು ಹೇಳಿದ್ದು ಕೆಲಸ ಅಲ್ಲ ಅಂತ. ಪೀಲಿಂಗಿಗೆ ಸೇರಿದ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ ಎಣಿಸಿಕೊಂಡವರು ಅವರು. ಎಷ್ಟು ಕಿಲೋ ಸಿಪ್ಪೆ ತೆಗೆದೆ ಅಂದರೆ ಅಷ್ಟು ದುಡ್ಡು. ಆ ಲೆಕ್ಕದಲ್ಲಿ ನೋಡಿದರೆ ಈಗ ಅವರು ದಿನಕ್ಕೆ ಮಾಡುವುದು ಸೊನ್ನೆ ಕಿಲೋ.

1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅವರು ಸಾಧನೆ ಮಾಡಿದ ಹೆಂಗಸರ ಬಗ್ಗೆ ಬರೆದ ಒಂದು ವಿಷಯ ಈಗ ಎಲ್ಲ ಕಡೆ ಓಡಾಡುತ್ತದೆ. ಒಳ್ಳೆಯ ಓದು, ಒಳ್ಳೆಯ ಕೆಲಸ ಎಲ್ಲ ಇದ್ದರೂ "ನಾನು ಇದಕ್ಕೆ ಲಾಯಕ್ಕಲ್ಲ, ಒಂದು ದಿನ ಸಿಕ್ಕಿಬೀಳ್ತೇನೆ" ಅನ್ನುವ ಹೆದರಿಕೆ. ಅಕ್ಕನಿಗೂ ಅದೇ ಇರಬೇಕು ಅಂತ ಧನಿಗಳ ಮಗ ಹೇಳಿದ, ಎಲ್ಲೋ ಓದಿದ್ದನಂತೆ. ನಾನು ಒಪ್ಪುವುದಿಲ್ಲ. ಸಿಕ್ಕಿಬೀಳುವ ಹೆದರಿಕೆ ಅಕ್ಕನಿಗೆ ಚೂರೂ ಇರಲಿಲ್ಲ. ಬೀಜದ ವಿಷಯದಲ್ಲಿ ಯಾರೇ ಬಂದು ಪ್ರಶ್ನೆ ಮಾಡಿದರೂ ಅವರಿಗೆ ಧೈರ್ಯ ಇತ್ತು. ಒಂದು ಬೀಜವನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಇಟ್ಟು ಒಮ್ಮೆ ಉಜ್ಜಿ, ಸಿಪ್ಪೆ ಬಿಟ್ಟ ರೀತಿ ನೋಡಿ "ಇನ್ನೊಂದು ಗಂಟೆ ಬೇಕು" ಅಂತ ಹೇಳುವಾಗ ಸ್ವರದಲ್ಲಿ ಅನುಮಾನವೇ ಇಲ್ಲ. ಕೊರತೆ ಇದ್ದದ್ದು ಧೈರ್ಯಕ್ಕಲ್ಲ, ಲೆಕ್ಕಕ್ಕೆ. ಇದನ್ನೆಲ್ಲ ಮುಂದಾಳುತನ ಅಂತ ಎಣಿಸುವ ಅಭ್ಯಾಸವೇ ಅವರಿಗಿರಲಿಲ್ಲ. ಎರಡಕ್ಕೂ ಮದ್ದು ಬೇರೆ. ಹೆದರಿದವರಿಗೆ ಧೈರ್ಯ ಹೇಳಬಹುದು. ಎಣಿಸದವರಿಗೆ "ನೀವು ತುಂಬಾ ಗ್ರೇಟ್ ಅಕ್ಕ" ಅಂತ ಹೇಳಿದರೆ ಅವರು ನಗಾಡಿ ಒಳಗೆ ಹೋಗುತ್ತಾರೆ, ಅಷ್ಟೆ.

ಹಾಗಾಗಿ ಹೊಗಳುವ ಕೆಲಸಕ್ಕೆ ನಾನು ಹೋಗಲಿಲ್ಲ. ಸಾಮರ್ಥ್ಯ ಎಂತ, ದೌರ್ಬಲ್ಯ ಎಂತ ಅಂತ ಫಾರ್ಮ್ ತುಂಬಿಸುವ ಕೆಲಸವೂ ಬೇಡ ಅನಿಸಿತು. "ನಿಮ್ಮ ಮೂರು ಸಾಮರ್ಥ್ಯ ಬರೆಯಿರಿ" ಅಂದರೆ ನಮ್ಮ ಕಡೆಯವರು ಬರೆಯುವುದು ಗೊತ್ತೇ ಇದೆ: ಪ್ರಾಮಾಣಿಕತೆ, ಶ್ರಮ, ಸಮಯಪಾಲನೆ. ಯಾರನ್ನು ಕೇಳಿದರೂ ಅದೇ ಮೂರು.

ಪುಸ್ತಕ

ಪ್ಯಾಕಿಂಗ್ ರೂಮಿನಲ್ಲಿ ಅರ್ಧ ಖಾಲಿ ಇದ್ದ ಒಂದು ಹಳೇ ಡಿಸ್ಪ್ಯಾಚ್ ಪುಸ್ತಕ ಸಿಕ್ಕಿತು. ಹಿಂದಿನ ಪುಟದಿಂದ ಶುರು ಮಾಡಿ ಗೆರೆ ಎಳೆದುಕೊಟ್ಟೆ. ಸಂಜೆ ಬಸ್ಸಿಗೆ ಹೋಗುವ ಮೊದಲು ನಾಲ್ಕು ಸಾಲು ಬರೆಯಬೇಕು. ಇವತ್ತು ನಿಮ್ಮ ಹತ್ತಿರ ಯಾರು ಬಂದು ಎಂತ ಕೇಳಿದರು, ನೀವು ಎಂತ ಹೇಳಿದಿರಿ, ಹೀಗಾದೀತು ಅಂತ ಎಣಿಸಿದ್ದೇನು. ಇನ್ನೊಂದು ಕಾಲಂ ಖಾಲಿ. ಅದನ್ನು ಆಮೇಲೆ, ಫಲಿತಾಂಶ ಗೊತ್ತಾದ ಮೇಲೆ ತುಂಬುವುದು. ಉಡುಪಿಯವರಿಗೆ ಇದನ್ನು ವಿವರಿಸುವುದು ಸುಲಭ. ಇಲ್ಲೇ 1925ರಲ್ಲಿ ಶುರುವಾದ ಬ್ಯಾಂಕು, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಯಿತಲ್ಲ, 1928ರಲ್ಲಿ ಪಿಗ್ಮಿ ಅಂತ ತಂದಿತ್ತು. ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ಆದರೂ ಸರಿ ತೆಗೆದುಕೊಂಡು ಹೋಗುವುದು. ಕೊಡುವಾಗ ಏನೂ ಅನಿಸುವುದಿಲ್ಲ, ಪಾಸ್‌ಬುಕ್ ನೋಡಿದಾಗ ಆಶ್ಚರ್ಯ ಆಗುತ್ತದೆ. ಪುಸ್ತಕವೂ ಅದೇ ಥರ ಅಂದೆ. ಅಕ್ಕನ ಅಮ್ಮ ಪಿಗ್ಮಿ ಕಟ್ಟಿದವರಂತೆ, ಹಾಗಾಗಿ ಮರುಮಾತಾಡದೆ ಒಪ್ಪಿಕೊಂಡರು.

ಇದು ನನ್ನ ಸ್ವಂತ ಉಪಾಯ ಏನೂ ಅಲ್ಲ. ಮ್ಯಾನೇಜ್‌ಮೆಂಟ್ ಬಗ್ಗೆ ಬರೆದ ಪೀಟರ್ ಡ್ರಕರ್ ಇದನ್ನು ಹೇಳುತ್ತಿದ್ದರು: ಮುಖ್ಯವಾದ ತೀರ್ಮಾನ ತೆಗೆದುಕೊಂಡಾಗ ಏನಾದೀತು ಅಂತ ನಿಮ್ಮ ಅಂದಾಜು ಬರೆದಿಡಿ, ಒಂಬತ್ತು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ತೆಗೆದು ನೋಡಿ, ನಿಮ್ಮ ಬಲ ಎಲ್ಲಿದೆ ಅಂತ ಗೊತ್ತಾಗುತ್ತದೆ ಅಂತ. ಬೀಜದ ಕಾರ್ಖಾನೆಯಲ್ಲಿ ಒಂದು ವರ್ಷ ಕಾಯುವ ಅಗತ್ಯ ಇಲ್ಲ. ಬೆಳಿಗ್ಗೆ ಹೇಳಿದ್ದರ ಫಲ ಸಂಜೆ ಟ್ರೇಯಲ್ಲೇ ಕಾಣುತ್ತದೆ. ಮಳೆಗಾಲ ಮುಗಿಯುವ ತನಕ ಬರೆದರು. ಕೆಲವು ದಿನ ಬಿಟ್ಟರು, ಕೆಲವು ದಿನ ಒಂದೇ ಶಬ್ದ. ಪರವಾಗಿಲ್ಲ.

ಆಮೇಲೆ ಇಬ್ಬರೂ ಕೂತು ಓದಿದೆವು. ಕೆಂಪು, ನೀಲಿ, ಹಸಿರು ಪೆನ್ನಿನಲ್ಲಿ ಗುರುತು ಹಾಕಿದೆವು. ಬೀಜದ ಗುಣಮಟ್ಟದ ಪ್ರಶ್ನೆ ಕೆಂಪು. ಅದೇ ಜಾಸ್ತಿ ಇರುತ್ತದೆ ಅಂತ ಅವರ ಅಂದಾಜು. ನೋಡಿದರೆ ನೀಲಿಯೇ ಜಾಸ್ತಿ, ಅಂದರೆ ಜನರ ವಿಷಯ. ಯಾರನ್ನು ಯಾರ ಪಕ್ಕ ಕೂರಿಸುವುದು. ಬೆಳ್ಮಣ್ ಕಡೆಯ ಬಸ್ಸು ತಡ ಆಗುವುದರಿಂದ ಆ ಮೂವರಿಗೆ ಬೆಳಿಗ್ಗೆ ಯಾವ ಕೆಲಸ ಕೊಡುವುದು. ಜಾರ್ಖಂಡಿನಿಂದ ಹೊಸದಾಗಿ ಬಂದ ಹುಡುಗಿಗೆ ಕಲಿಸಲಿಕ್ಕೆ ಯಾರನ್ನು ಬಿಡುವುದು. ಇದಕ್ಕೆ ಅವರು ಆರಿಸಿದ್ದು ಅತಿ ವೇಗದ ಕೆಲಸಗಾರ್ತಿಯನ್ನಲ್ಲ. "ಅವಳಿಗೆ ತಾಳ್ಮೆ ಇಲ್ಲ, ಹುಡುಗಿ ಹೆದರಿ ಓಡಿಹೋಗ್ತಾಳೆ" ಅಂತ ಬರೆದಿದ್ದರು. ಕೊನೆಯ ಕಾಲಂನಲ್ಲಿ ಎರಡು ವಾರ ಕಳೆದು ಬರೆದದ್ದು: "ಹುಡುಗಿ ನಿಂತಳು. ಈಗ ನಗ್ತಾಳೆ." ಹೊಸಬರು ಒಂದು ತಿಂಗಳೊಳಗೆ ಬಿಟ್ಟುಹೋಗುವುದು ಈ ಉದ್ಯಮದ ದೊಡ್ಡ ತಲೆನೋವು. ಅದಕ್ಕೆ ಬೇರೆ ಕಡೆ ಏಜೆಂಟರಿಗೆ ದುಡ್ಡು ಸುರಿಯುತ್ತಾರೆ.

ಈ ಎರಡಕ್ಕೂ ಸೇರದ ಹಸಿರು ಪೆನ್ನಿನ ಸಾಲುಗಳು ಕಡಿಮೆ ಇದ್ದವು. ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಅಲ್ಲೇ. ಒಂದು ಸಾಲು ಹೀಗಿತ್ತು: "ಧನಿಗಳು ಡ್ರೈವರ್ ಹತ್ತಿರ ಸ್ಯಾಂಪಲ್ ಕಳಿಸಿದರು. ಕೊಯ್ದು ನೋಡಿದೆ. ಬೇಡ ಅಂದೆ." ಇದೆಂತ ಅಕ್ಕ ಅಂತ ಕೇಳಿದರೆ, "ಅದಾ, ಧನಿಗಳು ಬೀಜ ಖರೀದಿಗೆ ಹೋದಾಗ ಒಂದೊಂದು ಸಲ ಕಳಿಸ್ತಾರೆ. ಸಹಾಯಕ್ಕೆ." ಸಹಾಯಕ್ಕೆ! ಗೇರುಬೀಜದ ಕಾರ್ಖಾನೆಯಲ್ಲಿ ಲಾಭ ನಷ್ಟ ಮುಕ್ಕಾಲು ಪಾಲು ನಿರ್ಧಾರ ಆಗುವುದು ಕಚ್ಚಾ ಬೀಜ ಕೊಳ್ಳುವ ಹೊತ್ತಿಗೆ ಅಂತ ಈ ವ್ಯಾಪಾರದ ಯಾರನ್ನು ಕೇಳಿದರೂ ಹೇಳುತ್ತಾರೆ. ಸ್ಯಾಂಪಲ್ ಬೀಜವನ್ನು ಕೊಯ್ದು, ಒಳ್ಳೆಯದೆಷ್ಟು, ಮುರುಟಿದ್ದೆಷ್ಟು, ಕಪ್ಪು ಚುಕ್ಕೆ ಎಷ್ಟು, ಹುಳ ಹಿಡಿದದ್ದೆಷ್ಟು ಅಂತ ಬೇರೆ ಮಾಡಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಸಿಕ್ಕೀತು ಅಂತ ಹೇಳುವುದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. ರೇಟು ನಿಲ್ಲುವುದು ಅದರ ಮೇಲೆ. ಆ ಮಾತನ್ನು ಅಕ್ಕ ಹೇಳುತ್ತಿದ್ದರು, ಧನಿಗಳು ಕೇಳುತ್ತಿದ್ದರು, ಇಬ್ಬರೂ ಅದನ್ನು ಸಹಾಯ ಅಂತ ಕರೆಯುತ್ತಿದ್ದರು.

ದುಡ್ಡಿನ ಮಾತು

ಇಲ್ಲಿಂದ ಮುಂದೆ ರೂಪಾಯಿಗೆ ಇಳಿಸದೆ ಆಗುವುದಿಲ್ಲ. ನಾಯಕತ್ವದ ಬೆಲೆ ಅಂತ ಭಾಷಣ ಮಾಡಿ, ಸಂಬಳದ ಮಾತು ಬಂದಾಗ "ಅದು ಬೇರೆ ವಿಷಯ" ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾವು ಕಾಗದದ ಮೇಲೆ ಹಾಕಿದ ಲೆಕ್ಕ ಇದು. ರೇಟು ದಿನಾ ಬದಲಾಗುತ್ತದೆ, ಹಾಗಾಗಿ ಸುಲಭದ ಸಂಖ್ಯೆ ಹಿಡಿದೆವು.

ದಿನಕ್ಕೆ 4 ಟನ್ ಕಚ್ಚಾ ಬೀಜ ಅನ್ನಿ. 80 ಕಿಲೋದ 50 ಚೀಲ. ಚೀಲಕ್ಕೆ 48 ಪೌಂಡ್ ತಿರುಳು ಅಂತ ಹಿಡಿದರೆ 2,400 ಪೌಂಡ್, ಅಂದರೆ ಸುಮಾರು 1,088 ಕಿಲೋ. ಇದರಲ್ಲಿ ನೂರಕ್ಕೆ ಎರಡರಷ್ಟು ಬೀಜ ಒಡೆದು ಇಡೀ ಬೀಜದಿಂದ ಹೋಳಿಗೆ ಇಳಿಯಿತು ಅಂತಾದರೆ ಹತ್ತಿರ ಹತ್ತಿರ 22 ಕಿಲೋ. ಇಡೀ ಬೀಜಕ್ಕೂ ಹೋಳಿಗೂ ಕಿಲೋಗೆ 100 ರೂಪಾಯಿ ಫರಕು ಇಟ್ಟುಕೊಳ್ಳಿ. ದಿನಕ್ಕೆ 2,200 ರೂಪಾಯಿ ಹೋಯಿತು. ತಿಂಗಳಿಗೆ 25 ದಿನ ಕೆಲಸ ಅಂದರೆ 55,000. ಬೋರ್ಮಾದ ಟ್ರೇ ಯಾವಾಗ ತೆಗೆಯಬೇಕು ಅನ್ನುವ ಒಂದೇ ವಿಷಯಕ್ಕೆ ಇಷ್ಟು.

ಖರೀದಿಯದ್ದು ಇನ್ನೊಂದು. 20 ಟನ್ ಕೊಂಡರೆ 250 ಚೀಲ. ಚೀಲಕ್ಕೆ ಒಂದೇ ಒಂದು ಪೌಂಡ್ ತಿರುಳು ಕಡಿಮೆ ಬರುವ ಮಾಲನ್ನು ಅದೇ ರೇಟಿಗೆ ತೆಗೆದುಕೊಂಡರೆ 250 ಪೌಂಡ್, ಅಂದರೆ 113 ಕಿಲೋ ತಿರುಳು ಕಡಿಮೆ. ಕಿಲೋಗೆ 700 ರೂಪಾಯಿ ಅಂತ ಹಿಡಿದರೆ 79,000ಕ್ಕೂ ಮೇಲೆ. "ಬೇಡ ಅಂದೆ" ಅನ್ನುವ ಎರಡು ಶಬ್ದದ ಬೆಲೆ ಅದು.

ಅಕ್ಕ ಕ್ಯಾಲ್ಕುಲೇಟರನ್ನು ತಮ್ಮ ಕಡೆ ತಿರುಗಿಸಿ ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಹೇಳಿದ್ದು ಬಹಳ ಸರಿಯಾದ ಮಾತು: "ಇದೆಲ್ಲ ನನ್ನದೇ ಅಂತ ಹೇಳಿದರೆ ತಪ್ಪಾಗ್ತದೆ. ಕಟಿಂಗಿನವರು ಸರಿ ಮಾಡದಿದ್ದರೆ ನಾನು ಎಂತ ಮಾಡಿಯೂ ಪ್ರಯೋಜನ ಇಲ್ಲ." ಹೌದು. ಮೆಷಿನ್, ಕಟಿಂಗ್, ಬೀಜ ಬಂದ ದೇಶ, ಎಲ್ಲದರ ಪಾಲೂ ಇದೆ. ಹಾಗಾಗಿ ನಾವು ಒಟ್ಟು ಮೊತ್ತದ ಮೂರರಲ್ಲಿ ಒಂದು ಪಾಲು ಮಾತ್ರ ಇವರದ್ದು ಅಂತ ಇಟ್ಟೆವು. ಅಷ್ಟಕ್ಕೇ ಅದು ಅವರ ಆಗಿನ ತಿಂಗಳ ಸಂಬಳಕ್ಕಿಂತ ಜಾಸ್ತಿ ಆಯಿತು. ಜಾಹೀರಾತಿನಲ್ಲಿ ಹೊಸಬರಿಗೆ ಅಂತ ಇಟ್ಟಿದ್ದ ಸಂಬಳವಂತೂ ಇವರದ್ದರ ಎರಡು ಪಟ್ಟಿಗಿಂತ ಮೇಲಿತ್ತು.

ಇನ್ನೂ ಒಂದು ವಿಷಯ ಆ ದಿನ ಹೊರಗೆ ಬಿತ್ತು. ಕುಂದಾಪುರದ ಕಡೆಯ ಬೇರೊಂದು ಕಾರ್ಖಾನೆಯವರು ಹಿಂದಿನ ವರ್ಷವೇ ಫೋನ್ ಮಾಡಿ ಕರೆದಿದ್ದರಂತೆ, ಸಂಬಳವನ್ನೂ ಹೇಳಿದ್ದರಂತೆ. ಇವರು ಮನೆಯಲ್ಲೂ ಹೇಳಿಲ್ಲ. "ಅವರು ಸುಮ್ನೆ ಹೇಳಿರಬೇಕು ಅಂತ ಎಣಿಸಿದೆ. ಧನಿಗಳಿಗೆ ಗೊತ್ತಾದರೆ ಬೇಜಾರಾಗ್ತದೆ." ವ್ಯಾಪಾರ ಮಾಡುವವರು ಸುಮ್ನೆ ಫೋನ್ ಮಾಡಿ ಸಂಬಳ ಹೇಳುವುದಿಲ್ಲ ಮಾರಾಯ್ರೆ. ಹೊರಗಿನವರು ಕೊಡಲಿಕ್ಕೆ ತಯಾರಿದ್ದ ಬೆಲೆ ಅದು. ನಾನು ಅದನ್ನು ಪುಸ್ತಕದ ಮೂಲೆಯಲ್ಲಿ ಬರೆದುಕೊಳ್ಳಿ ಅಂದೆ. ಧನಿಗಳ ಮುಂದೆ ಹೇಳಬೇಕೋ ಬೇಡವೋ ಅವರಿಗೇ ಬಿಟ್ಟದ್ದು. ಅವರು ಹೇಳುವುದಿಲ್ಲ ಅಂದರು. ನನಗೂ ಅದೇ ಸರಿ ಕಂಡಿತು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಬಿಟ್ಟುಹೋಗುತ್ತೇನೆ ಅಂತ ಹೆದರಿಸಿದರೆ ಆ ಮಾತು ಮಾತ್ರ ನೆನಪಿರುತ್ತದೆ, ಉಳಿದದ್ದೆಲ್ಲ ಮರೆತುಹೋಗುತ್ತದೆ. ಆದರೆ ಎಷ್ಟರ ಕೆಳಗೆ ಇಳಿಯಬಾರದು ಅಂತ ಅವರಿಗೆ ಒಳಗೊಳಗೆ ಗೊತ್ತಿರಬೇಕಿತ್ತು, ಗೊತ್ತಾಯಿತು.

ಪುಸ್ತಕ ಒಳ್ಳೆಯದನ್ನು ಮಾತ್ರ ತೋರಿಸಲಿಲ್ಲ. ಖಾಲಿ ಉಳಿದ ಕಾಲಂಗಳು, ತಪ್ಪಿದ ಅಂದಾಜುಗಳು ಎಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು. ಕೆಟ್ಟ ಸುದ್ದಿಯನ್ನು ಅಕ್ಕ ಧನಿಗಳಿಗೆ ಹೇಳುವುದಿಲ್ಲ, ತಾವೇ ಸರಿಮಾಡಿ ಮುಚ್ಚಿಹಾಕುತ್ತಾರೆ. ಒಬ್ಬಳು ಪದೇ ಪದೇ ಬೀಜ ಹಾಳು ಮಾಡುತ್ತಿದ್ದರೂ "ಪಾಪ, ಮನೆಯಲ್ಲಿ ಕಷ್ಟ" ಅಂತ ಬಿಟ್ಟಿದ್ದಾರೆ, ಅವಳ ಕೆಲಸವನ್ನು ಸಂಜೆ ತಾವೇ ಕೂತು ಆರಿಸಿದ್ದಾರೆ. ಕಂಪ್ಯೂಟರ್ ಅಂದರೆ ದೂರ. ಸ್ಟಾಕ್ ಲೆಕ್ಕ ತಲೆಯಲ್ಲಿ ಇರುತ್ತದೆ, ಕಾಗದದಲ್ಲಿ ಇರುವುದಿಲ್ಲ. ಇದರಲ್ಲಿ ಕಂಪ್ಯೂಟರಿನದ್ದು ಸಣ್ಣ ವಿಷಯ, ಕಲಿಯಬಹುದು, ಇಲ್ಲವೇ ಬೇರೆಯವರಿಂದ ಮಾಡಿಸಬಹುದು. ಸಮಸ್ಯೆಯನ್ನು ಮುಚ್ಚಿ ಸರಿಮಾಡುವ ಅಭ್ಯಾಸ ಇದೆಯಲ್ಲ, ಅದು ದೊಡ್ಡದು. "ಯಾರೂ ಇಲ್ಲ, ಹಾಗೇ ನಡೀತದೆ" ಅಂತ ಧನಿಗಳು ಹೇಳಿದ್ದರಲ್ಲ, ಆ ಮಾತಿನ ಅರ್ಧ ಜವಾಬ್ದಾರಿ ಇದಕ್ಕೇ ಸೇರಬೇಕು. ತೊಂದರೆ ಆದದ್ದೇ ಗೊತ್ತಾಗದಿದ್ದರೆ ಅದನ್ನು ತಪ್ಪಿಸಿದವರು ಯಾರು ಅಂತ ಯಾರು ಕೇಳುತ್ತಾರೆ?

ಇದನ್ನು ಕೇಳಿ ಅಕ್ಕನಿಗೆ ಸ್ವಲ್ಪ ಬೇಸರ ಆಯಿತು. ಒಳ್ಳೆ ಕೆಲಸ ಮಾಡಿ ಊರಿಗೆಲ್ಲ ಡಂಗುರ ಹೊಡೆಯಬೇಕಾ ಅಂದರು. ಡಂಗುರ ಬೇಡ, ವಾರಕ್ಕೊಮ್ಮೆ ಧನಿಗಳಿಗೆ ಐದು ನಿಮಿಷ ವರದಿ ಕೊಟ್ಟರೆ ಸಾಕು, ಒಳ್ಳೆಯದು ಕೆಟ್ಟದು ಎರಡೂ ಇರಲಿ ಅಂದೆ. ಅದಕ್ಕೆ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಧನಿಗಳ ಮುಂದೆ

ಮಾತಾಡಲಿಕ್ಕೆ ಹೋದದ್ದು ಒಂದು ಶನಿವಾರ ಮಧ್ಯಾಹ್ನ, ಬಟವಾಡೆ ಮುಗಿದ ಮೇಲೆ. ನಾನೂ ಇದ್ದೆ, ಮಗನೂ ಇದ್ದ. ಅಕ್ಕ ನಿಂತೇ ಇದ್ದರು. ಕೂತುಕೊಳ್ಳಿ ಅಂತ ಮಗ ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು.

"ಧನಿಗಳೇ, ಮ್ಯಾನೇಜರ್ ಕೆಲಸಕ್ಕೆ ನಾನೂ ಆಗ್ತೇನೆ ಅಂತ ನನಗೆ ಕಾಣ್ತದೆ" ಅಂದರು. ಇಷ್ಟೇ ವಾಕ್ಯ. ಇದನ್ನು ನಾನು ಹೇಳಿಕೊಟ್ಟದ್ದಲ್ಲ.

ಧನಿಗಳಿಗೆ ಸಿಟ್ಟು ಬರಲಿಲ್ಲ. ನಕ್ಕರು. "ನೀನು ಮ್ಯಾನೇಜರಿಗಿಂತ ಹೆಚ್ಚಲ್ವಾ? ನೀನು ನಮ್ಮ ಮನೆಯವಳ ಹಾಗೆ."

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಜಿಲ್ಲೆಯ ಸಣ್ಣ ಉದ್ಯಮಗಳಲ್ಲಿ, ಹೋಟೆಲಿನಿಂದ ಹಿಡಿದು ಪ್ರೆಸ್ಸಿನ ತನಕ, ಹಳೇ ಕೆಲಸದವರಿಗೆ ಈ ಮಾತು ಸಿಕ್ಕೇ ಸಿಗುತ್ತದೆ. ಬಹಳ ಸಲ ಅದು ಸುಳ್ಳೂ ಅಲ್ಲ. ಇದೇ ಧನಿಗಳು ಅಕ್ಕನ ಮಗಳ ಮದುವೆಗೆ ಬಡ್ಡಿ ಇಲ್ಲದೆ ಹಣ ಕೊಟ್ಟಿದ್ದರು, ಗಂಡನಿಗೆ ಹುಷಾರಿಲ್ಲದಾಗ ಕಾರು ಕಳಿಸಿದ್ದರು. ಆದರೆ ಮನೆಯವರಿಗೆ ಸಂಬಳ ಕೇಳುವ ಹಕ್ಕಿರುವುದಿಲ್ಲ, ಹುದ್ದೆ ಇರುವುದಿಲ್ಲ, ಆಸ್ತಿಯಲ್ಲಿ ಪಾಲಂತೂ ಈ ಮನೆಯವರಿಗೆ ಯಾರೂ ಕೊಡುವುದಿಲ್ಲ. ಪ್ರೀತಿ ಬೇರೆ ಖಾತೆ, ಕೆಲಸದ ಬೆಲೆ ಬೇರೆ ಖಾತೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಯಾವಾಗಲೂ ಒಂದೇ ಕಡೆಯವರಿಗೆ ಲಾಭ.

ಅಕ್ಕ ವಾದಕ್ಕೆ ಹೋಗಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು "ಒಮ್ಮೆ ನೋಡಿ" ಅಂದರು. ಧನಿಗಳು ಕನ್ನಡಕ ಹಾಕಿ ಪುಟ ತಿರುಗಿಸಿದರು. ಮೊದಲು ಬೇಗ ಬೇಗ. ಸ್ಯಾಂಪಲ್ಲಿನ ಸಾಲು ಬಂದಾಗ ಕೈ ನಿಂತಿತು. ಆ ಮಾಲು ಅವರಿಗೆ ಚೆನ್ನಾಗಿ ನೆನಪಿತ್ತು, ಯಾಕಂದರೆ ಅಕ್ಕ ಬೇಡ ಅಂದ ಮೇಲೆ ಅದನ್ನು ಕೊಂಡದ್ದು ಧನಿಗಳಿಗೆ ಗೊತ್ತಿದ್ದ ಇನ್ನೊಬ್ಬರು, ಅವರು ಅನುಭವಿಸಿದ ಕಥೆ ಆಮೇಲೆ ಧನಿಗಳ ಕಿವಿಗೂ ಬಿದ್ದಿತ್ತು. "ಇದನ್ನೂ ಬರೆದಿದ್ದೀಯಾ" ಅಂದರು. ಸ್ವರ ಬದಲಾಗಿತ್ತು. ಯಾರ ಯಾರ ಹೆಸರು ಉಂಟು ಅಂತ ನೋಡಲಿಕ್ಕೆ ಮತ್ತೆ ಮೊದಲಿನಿಂದ ಓದಿದರು. ತಮ್ಮದೇ ಜಾಸ್ತಿ ಸಲ ಇತ್ತು.

ಮಗ ನಾವು ಹಾಕಿದ ಲೆಕ್ಕದ ಹಾಳೆ ತೋರಿಸಿದ. ಧನಿಗಳು ಔಟ್‌ಟರ್ನಿನ ಅಂಕಿ ನೋಡಿ "48 ಎಲ್ಲಿ ಬರ್ತದೆ ಈಗ, 46 ಹಾಕು" ಅಂತ ತಿದ್ದಿದರು. ಅದು ನನಗೆ ಒಳ್ಳೆ ಲಕ್ಷಣ ಅನಿಸಿತು. ತಿದ್ದುವವರು ಲೆಕ್ಕವನ್ನು ಒಪ್ಪಿಕೊಂಡ ಹಾಗೆ. ಅದೇ ದಿನ ಏನೂ ತೀರ್ಮಾನ ಆಗಲಿಲ್ಲ. "ನೋಡುವ" ಅಂದರು. ಇಲ್ಲಿನ "ನೋಡುವ"ಕ್ಕೆ ಆಗುತ್ತದೆ ಅಂತಲೂ ಅರ್ಥ ಇದೆ, ಆಗುವುದಿಲ್ಲ ಅಂತಲೂ ಇದೆ. ಹಾಗಾಗಿ ಅಕ್ಕ ಏಳುವ ಮೊದಲು ಮೂರು ವಿಷಯ ಹೇಳಿದರು. ಏನೇ ತೀರ್ಮಾನ ಆದರೂ ಕಾಗದದಲ್ಲಿ ಕೊಡಬೇಕು, ಕೆಲಸ ಏನು ಅಂತ ಅದರಲ್ಲಿ ಬರೆದಿರಬೇಕು. ಗ್ರೇಡಿಂಗಿಗೆ ತಾನು ಹೇಳಿದ ಹುಡುಗಿಯನ್ನು ಹಾಕಬೇಕು. ಬೀಜ ಖರೀದಿಗೆ ಹೋಗುವಾಗ ತನ್ನನ್ನೂ ಕರೆದುಕೊಂಡು ಹೋಗಬೇಕು, ಸ್ಯಾಂಪಲ್ಲನ್ನು ಡ್ರೈವರ್ ಕೈಯಲ್ಲಿ ಕಳಿಸುವುದು ಬೇಡ. ಕೊನೆಯದು ನನಗೂ ಹೊಸತು. ನಮ್ಮ ಪಟ್ಟಿಯಲ್ಲಿ ಇರಲಿಲ್ಲ.

ಆದದ್ದು

ದೀಪಾವಳಿಯ ಹೊತ್ತಿಗೆ ಕಾಗದ ಬಂತು. ಹುದ್ದೆ ಪ್ರೊಡಕ್ಷನ್ ಇನ್‌ಚಾರ್ಜ್. ಮ್ಯಾನೇಜರ್ ಅಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಬ್ಯಾಂಕಿನವರು, ಹೊರಗಿನವರು ಬಂದಾಗ ಇಂಗ್ಲಿಷ್ ಮಾತಾಡಬೇಕಲ್ಲ" ಅಂತ ಉತ್ತರ. ಸಂಬಳ ಎರಡು ಕಂತಿನಲ್ಲಿ ಏರಿಸುವುದು, ಒಂದು ಈಗ, ಇನ್ನೊಂದು ಏಪ್ರಿಲ್‌ನಲ್ಲಿ ತುಳುವರ ಹೊಸ ವರ್ಷ ಬಿಸು ಕಳೆದ ಮೇಲೆ. ಎರಡೂ ಸೇರಿದರೆ ಕುಂದಾಪುರದವರು ಹೇಳಿದ್ದಕ್ಕಿಂತ ಸ್ವಲ್ಪ ಮೇಲೆ, ಜಾಹೀರಾತಿನ ಸಂಬಳಕ್ಕಿಂತ ಕೆಳಗೆ. ಆ ಚುರುಕು ಹುಡುಗನನ್ನೂ ತೆಗೆದುಕೊಂಡರು, ರಫ್ತಿನ ಕಾಗದಪತ್ರ ಮತ್ತು ಲೆಕ್ಕಕ್ಕೆ. ಅವನಿಗೆ ಅಕ್ಕನಿಗಿಂತ ಒಂದಿಷ್ಟು ಜಾಸ್ತಿಯೇ ಸಂಬಳ. ಇದು ನ್ಯಾಯ ಅಂತ ನಾನು ಹೇಳುವುದಿಲ್ಲ. ಧನಿಗಳಿಗೂ ಅದನ್ನೇ ಹೇಳಿದ್ದೇನೆ. ಡಿಗ್ರಿಯ ರೇಟು ಎಲ್ಲರಿಗೂ ಗೊತ್ತು, ಪೇಟೆಯಲ್ಲಿ ಬೋರ್ಡು ಹಾಕಿದ ಹಾಗೆ ಇರುತ್ತದೆ. ಕೆಲಸ ಮಾಡಿ ಕಲಿತದ್ದರ ರೇಟು ಪ್ರತಿ ಸಲವೂ ಹೊಸದಾಗಿ ತೋರಿಸಿಕೊಡಬೇಕು.

ಆ ಹುಡುಗನ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಸೇರಿದ ಮೊದಲ ವಾರವೇ ಅವನು ಬಂದು ಅಕ್ಕನ ಪಕ್ಕ ಗ್ರೇಡಿಂಗ್ ಮೇಜಿನಲ್ಲಿ ಕೂತ. 240 ಯಾವುದು 320 ಯಾವುದು ಅಂತ ಕಣ್ಣಿನಲ್ಲೇ ಬೇರೆ ಮಾಡಲಿಕ್ಕೆ ಕಲಿಸಿ ಅಂದ. ಬದಲಿಗೆ ಸ್ಟಾಕ್ ಲೆಕ್ಕವನ್ನು ಮೊಬೈಲಿನಲ್ಲಿ ಹಾಕುವುದನ್ನು ಅವನು ಇವರಿಗೆ ಕಲಿಸಿದ. ಗ್ರೇಡಿಂಗಿಗೆ ಅಕ್ಕ ಹೇಳಿದ ಹುಡುಗಿಯನ್ನೇ ಹಾಕಿದ್ದಾರೆ. ಮೊದಮೊದಲು ಅಕ್ಕ ದಿನಕ್ಕೆ ಹತ್ತು ಸಲ ಅವಳ ಮೇಜಿನ ಹತ್ತಿರ ಹೋಗಿ ಟ್ರೇ ಕೆದಕುತ್ತಿದ್ದರು. ಒಂದು ದಿನ ಆ ಹುಡುಗಿಯೇ "ಅಕ್ಕ, ನೀವು ಹೋಗಿ, ನಾನು ನೋಡ್ಕೊಳ್ತೇನೆ" ಅಂದಳಂತೆ. ಆಮೇಲೆ ಕಡಿಮೆಯಾಗಿದೆ.

ಬೀಜ ಹಾಳು ಮಾಡುತ್ತಿದ್ದವಳನ್ನು ಅಕ್ಕ ಕೊನೆಗೂ ಕರೆದು ಮಾತಾಡಿದರು. ತೆಗೆದುಹಾಕಲಿಲ್ಲ, ಪ್ಯಾಕಿಂಗಿಗೆ ಹಾಕಿದರು. ಅವಳಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ ಅಂತ ಆಗಲೇ ಗೊತ್ತಾದದ್ದು. ಕನ್ನಡಕ ಮಾಡಿಸಿಕೊಟ್ಟಿದ್ದಾರೆ. ಇಷ್ಟು ದಿನ ಪಾಪ ಅಂತ ಬಿಟ್ಟದ್ದರಿಂದ ಅವಳಿಗೂ ಉಪಕಾರ ಆಗಿರಲಿಲ್ಲ.

ವಾರದ ವರದಿ ನಡೆಯುತ್ತಿದೆ. ಐದು ನಿಮಿಷ ಅಂತ ಹೇಳಿದ್ದು ಈಗ ಅರ್ಧ ಗಂಟೆ ಆಗುತ್ತದೆ, ಧನಿಗಳೇ ಎಳೆಯುತ್ತಾರಂತೆ. ಪಣಂಬೂರಿಗೆ ಎರಡು ಸಲ ಕರೆದುಕೊಂಡು ಹೋಗಿದ್ದಾರೆ. ಗೋದಾಮಿನಲ್ಲಿ ದಲ್ಲಾಳಿ ಸ್ಯಾಂಪಲ್ಲನ್ನು ಚೀಲದ ಮೇಲಿನಿಂದ ತೆಗೆದುಕೊಟ್ಟನಂತೆ. ಅಕ್ಕ "ಅಡಿಯಿಂದ ತೆಗೆಯಿರಿ, ಒಳಗಿನ ಸಾಲಿನ ಚೀಲದಿಂದಲೂ ಬೇಕು" ಅಂದರಂತೆ, ದಲ್ಲಾಳಿ ಧನಿಗಳ ಮುಖ ನೋಡಿದನಂತೆ, ಧನಿಗಳು "ಅವರು ಹೇಳಿದ ಹಾಗೆ ಮಾಡು" ಅಂದರಂತೆ. ಮಗ ಇದನ್ನು ಹೇಳುವಾಗ "ಅವರು" ಅನ್ನುವುದನ್ನು ಸ್ವಲ್ಪ ಒತ್ತಿ ಹೇಳಿದ. ಅಪ್ಪ ಅಕ್ಕನಿಗೆ ಅವರು ಅಂದದ್ದನ್ನು ಅವನು ಕೇಳಿದ್ದು ಅದೇ ಮೊದಲಂತೆ.

ಈಗ ಬಾಕಿ ಇರುವುದು ಹುದ್ದೆಯ ಹೆಸರು ಮತ್ತು ಏಪ್ರಿಲಿನ ಕಂತು. ಬಣ್ಣ ನೋಡಿ ಬೀಜ ಬೇರೆ ಮಾಡುವ ಹೊಸ ಕಲರ್ ಸಾರ್ಟರ್ ಮೆಷಿನ್ ತರುವ ಮಾತು ನಡೆಯುತ್ತಿದೆ, ಅದಕ್ಕೆ ಹಣ ಬೇಕು, ಹಾಗಾಗಿ ಕಂತನ್ನು ಮುಂದೆ ಹಾಕುವ ಅಂತ ಧನಿಗಳು ಸೂಚನೆ ಕೊಟ್ಟಿದ್ದಾರೆ. ಅಕ್ಕ ಒಪ್ಪಿಲ್ಲ. ಕಾಗದದಲ್ಲಿ ಏಪ್ರಿಲ್ ಅಂತ ಉಂಟಲ್ಲ ಅಂತ ತೋರಿಸಿದ್ದಾರೆ. ಮೆಷಿನ್ ನೋಡಲಿಕ್ಕೆ ಕಂಪನಿಯವರ ಹತ್ತಿರ ಟ್ರಯಲ್‌ಗೆ ಹೋಗುವಾಗ ನಮ್ಮದೇ ಗೀರು ಬಿದ್ದ ಬೀಜ, ಕಪ್ಪು ಚುಕ್ಕೆಯ ಬೀಜ ಒಂದು ಡಬ್ಬಿ ಕೊಂಡುಹೋಗಿ ಅದರಲ್ಲೇ ಓಡಿಸಿ ನೋಡಬೇಕು ಅಂತಲೂ ಹೇಳಿದ್ದಾರೆ. ಟ್ರಯಲ್‌ಗೆ ಹೋಗುವವರ ಪಟ್ಟಿಯಲ್ಲಿ ಮಗ ಅವರ ಹೆಸರನ್ನು ಸೇರಿಸಿದ್ದಾನೆ.